ಹದಿನಾಲ್ಕನೆಯ ಬಿಲ್ಲೆ

ಗ್ಯಾರೇಜಿನ ಬೋರ್ಡಿನ ಮೇಲೆ ‘ಅಣ್ಣ ತಮ್ಮ ಮೋಟಾರ್ ವರ್ಕ್ಸ್’ ಎಂದು ಬರೆದಿದೆ. ಅಣ್ಣನೇನೋ ಇದ್ದಾನೆ. ತಮ್ಮ ಮಾತ್ರ ಹುಟ್ಟಲೇ ಇಲ್ಲ. ಎರಡನೆಯದೂ ಗಂಡೇ ಎಂದು ನಂಬಿಕೊಂಡಿದ್ದ ಅಪ್ಪ ಹೆರಿಗೆಗೆ ಎರಡು ತಿಂಗಳ ಮೊದಲೇ ಬೋರ್ಡು ಬರೆಸಿಬಿಟ್ಟಿದ್ದ. ಹುಟ್ಟಿದ್ದು ಮಗಳು. ಬಳಿದ ಬಣ್ಣ ದಂಡವಾಗುತ್ತದೆಂದು ಬೋರ್ಡನ್ನು ಹಾಗೇ ಉಳಿಸಿಕೊಂಡ. ಮೂವತ್ತೈದು ವರ್ಷದಿಂದ ಆ ಮಗಳು ತಮ್ಮನ ಜಾಗದಲ್ಲಿ ಕೂತು ದುಡಿಯುತ್ತಿದ್ದಾಳೆ. ಬೋರ್ಡು ಬದಲಾಯಿಸೋಣ ಎಂದು ಅಣ್ಣನಿಗೂ ತೋಚಿಲ್ಲ, ಇವಳೂ ಕೇಳಿಲ್ಲ. ಗಿರಾಕಿಗಳು ಕಾರು ಒಯ್ಯುವಾಗ ಕುಲುಕುವುದೂ ಅಣ್ಣನ ಕೈಯನ್ನೇ.

ಬೀದಿಯವರಿಗೆ ಅವಳು ಪ್ಯಾಕಿಂಗಕ್ಕ. ಎಂಜಿನ್ನಿನಲ್ಲಿ ಎರಡು ಲೋಹ ಕೂಡುವ ಕಡೆಯೆಲ್ಲ ನಡುವೆ ಒಂದು ಹಾಳೆ ಇಡಬೇಕು, ಇಲ್ಲದಿದ್ದರೆ ಎಣ್ಣೆಯೋ ನೀರೋ ಸೋರುತ್ತದೆ. ಓದಿದವರು ಅದನ್ನು ಗ್ಯಾಸ್ಕೆಟ್ ಅನ್ನುತ್ತಾರೆ, ಗ್ಯಾರೇಜಿನಲ್ಲಿ ಅದು ಪ್ಯಾಕಿಂಗ್. ಹೊಸ ಕಾರಿಗಾದರೆ ಅಂಗಡಿಯಲ್ಲಿ ಸಿಗುತ್ತದೆ. ಎಪ್ಪತ್ತು ವರ್ಷದ ಕಾರಿಗೆ ಯಾವ ಅಂಗಡಿಯವನೂ ಇಟ್ಟುಕೊಂಡು ಕೂತಿರುವುದಿಲ್ಲ. ಅಕ್ಕನೇ ಕೈಯಲ್ಲಿ ಕತ್ತರಿಸಬೇಕು.

ಅವಳು ಕತ್ತರಿ ಮುಟ್ಟುವುದೇ ಅಪರೂಪ. ದಪ್ಪ ಕಾಗದವನ್ನು ಲೋಹದ ಮೇಲೆ ಹಾಸಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟುತ್ತಾ ಹೋದರೆ ಲೋಹದ ಅಂಚೇ ಕಾಗದವನ್ನು ಕಡಿಯುತ್ತದೆ. ಬೋಲ್ಟಿನ ತೂತಿನ ಮೇಲೆ ತಟ್ಟಿದರೆ ದುಂಡನೆಯ ಬಿಲ್ಲೆ ಕಳಚಿಕೊಳ್ಳುತ್ತದೆ. ತೂತು ಎಷ್ಟೋ ಬಿಲ್ಲೆಯೂ ಅಷ್ಟೇ ಇರಬೇಕು. ಒಂದೊಂದು ಪ್ಯಾಕಿಂಗಿನ ಬಿಲ್ಲೆಗಳನ್ನೂ ಒಂದೊಂದು ಬೆಂಕಿಪೆಟ್ಟಿಗೆಗೆ ಹಾಕಿ, ಮೇಲೆ ಯಾವ ಭಾಗದ್ದೆಂದು ಬರೆದಿಡುತ್ತಾಳೆ. ಎಂಜಿನ್ ಮೊದಲ ಸಲ ಶುರುವಾಗುವ ಮುನ್ನ ಎಲ್ಲ ಪೆಟ್ಟಿಗೆಗಳನ್ನೂ ಸುರಿದು ಇನ್ನೊಮ್ಮೆ ಎಣಿಸುತ್ತಾಳೆ. ಅಣ್ಣ ಇದನ್ನು ಅವಳ ಜಪ ಅನ್ನುತ್ತಾನೆ. ಅನ್ನಲಿ. ಅವಳು ಮುಚ್ಚಿದ ಎಂಜಿನ್ನಿನ ಕೆಳಗೆ ಬಿಳಿ ಪಂಚೆ ಹಾಸಿ ಮಲಗಬಹುದು, ಒಂದು ತೊಟ್ಟು ಕಲೆಯಾಗುವುದಿಲ್ಲ.

ಆ ಸಲದ ಕಾರು ಹಲ್ಲಿನ ಡಾಕ್ಟರದು. ಅವರಪ್ಪ ಓಡಿಸುತ್ತಿದ್ದ, ಆನೆಯಂಥ ಮೈಯ ಕಪ್ಪು ಕಾರು. ಹಿತ್ತಲ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೋಳಿಗಳಿಗೆ ಮನೆಯಾಗಿತ್ತು. ಡಾಕ್ಟರು ಅದನ್ನು ಎಳೆಸಿಕೊಂಡು ಬಂದಾಗ ಸೀಟಿನ ಮೇಲೆ ಮೊಟ್ಟೆ ಸಿಕ್ಕಿತ್ತು. ನಾಲ್ಕು ತಿಂಗಳು ಕೆಲಸ ನಡೆಯಿತು. ಬಿಚ್ಚುವಾಗಲೇ ಅಕ್ಕ ರಟ್ಟಿನ ಮೇಲೆ ಒಂದೊಂದು ಭಾಗದ ಚಿತ್ರ ಬರೆದು, ಆಯಾ ಜಾಗದ ಬೋಲ್ಟನ್ನು ಅಲ್ಲಲ್ಲೇ ಚುಚ್ಚಿಟ್ಟಿದ್ದಳು. ಜೋಡಿಸುವಾಗ ಯಾವುದು ಎಲ್ಲಿಯದೆಂದು ತಡಕಾಡುವ ಮಾತೇ ಬರಲಿಲ್ಲ. ಕ್ರ್ಯಾಂಕಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಹಗ್ಗದ ಸೀಲನ್ನು ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿ, ನುಣುಪಾದ ಕಬ್ಬಿಣದ ಉರುಳೆಯಿಂದ ಉಜ್ಜಿ ಉಜ್ಜಿ ಅದರ ತೋಡಿನೊಳಗೆ ಕೂರಿಸಿದಳು. ಪ್ಯಾಕಿಂಗಿಗೆ ಅಂಟು ಹಚ್ಚುವಾಗಲೂ ಅಷ್ಟೇ, ಬೆರಳು ತಾಗಿದರೆ ಜಿಗುಟು ಗೊತ್ತಾಗಬೇಕು, ಕಣ್ಣಿಗೆ ಕಾಣಬಾರದು. ಬೆಣ್ಣೆ ಮೆತ್ತಿದ ಹಾಗೆ ಮೆತ್ತುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ.

ಭಾನುವಾರ ಹಳೆಯ ಕಾರುಗಳ ಮೆರವಣಿಗೆ. ಡಾಕ್ಟರ ಕಾರಿಗೆ ಮೊದಲ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಅಣ್ಣ ಊರಿಗೆಲ್ಲ ಡಂಗುರ ಸಾರಿ, ಹೊಸ ಷರಟು ಹೊಲಿಸಿಕೊಂಡಿದ್ದ. ಶುಕ್ರವಾರ ಮಧ್ಯಾಹ್ನಕ್ಕೆ ಎಂಜಿನ್ ಪೂರ್ತಿ ಮುಚ್ಚಿ, ಹೊಸ ಆಯಿಲ್ ಸುರಿದದ್ದೂ ಆಯಿತು. ಸಂಜೆ ಐದಕ್ಕೆ ಡಾಕ್ಟರು ಬಂದು ಸ್ಟಾರ್ಟ್ ಮಾಡುವುದೊಂದೇ ಬಾಕಿ. ನಾಲ್ಕು ಗಂಟೆಗೆ ಅಕ್ಕ ಬೆಂಕಿಪೆಟ್ಟಿಗೆಗಳನ್ನು ಹಿಡಿದು ಕೂತಳು.

ಆರು ಪೆಟ್ಟಿಗೆ ಸರಿಯಾಗಿದ್ದವು. ಏಳನೆಯದು ಎಂಜಿನ್ನಿನ ಮುಂಭಾಗದ ಮುಚ್ಚಳದ್ದು. ಹದಿಮೂರು ಬೋಲ್ಟಿನ ತೂತು, ಒಳಗಿನ ಗೇರಿಗೆ ಆಯಿಲ್ ಹೋಗಲು ಒಂದು ಆಯಿಲಿನ ತೂತು. ಪೆಟ್ಟಿಗೆಯಲ್ಲಿ ಹದಿಮೂರು ದೊಡ್ಡ ಬಿಲ್ಲೆಗಳಿದ್ದವು. ಕಡಲೆಕಾಳಿನಷ್ಟು ಚಿಕ್ಕದು, ಆಯಿಲಿನ ತೂತಿನದು, ಇರಲಿಲ್ಲ.

ಅವಳಿಗೆ ಎಲ್ಲ ಹೊಳೆಯಿತು. ಯಾವಾಗಲೂ ಮುಚ್ಚಳವನ್ನು ಮೇಜಿನ ಮೇಲಿಟ್ಟು ಅದರ ಮೇಲೇ ಕಾಗದ ಕತ್ತರಿಸುವವಳು. ಈ ಸಲ ಮುಚ್ಚಳ ಪಾಲಿಶಿನವನ ಹತ್ತಿರ ಇತ್ತು. ಕಾಯುವುದೇಕೆಂದು ನೇರ ಎಂಜಿನ್ನಿನ ಮೇಲೇ ಹಾಸಿ ತಟ್ಟಿದ್ದಳು. ಆಯಿಲಿನ ತೂತಿಗೆ ಬಟ್ಟೆ ತುರುಕಿದ್ದಳು, ನಿಜ. ಆದರೆ ಬಟ್ಟೆ ಎಳೆಯುವಾಗ ಅದರ ಮೇಲೆ ಕೂತಿದ್ದ ಬಿಲ್ಲೆ ಒಳಗೆ ಜಾರಿರಬಹುದು. ಎಣಿಸಿದ್ದೂ ನಿಜ. ಕಾಗದವನ್ನು ಬೆಳಕಿಗೆ ಹಿಡಿದು ತೂತುಗಳನ್ನು ಎಣಿಸಿ ‘ಹದಿನಾಲ್ಕು’ ಎಂದು ಗಟ್ಟಿಯಾಗಿ ಹೇಳಿ, ಬಿಲ್ಲೆಯನ್ನೇ ಎಣಿಸಿದ ಸಮಾಧಾನದಲ್ಲಿ ಪೆಟ್ಟಿಗೆ ಮುಚ್ಚಿಬಿಟ್ಟಿದ್ದಳು. ಮೂವತ್ತೈದು ವರ್ಷ ಮಾಡದ ದಡ್ಡತನ.

“ಅಣ್ಣಾ, ಮುಂದಿನ ಮುಚ್ಚಳ ಬಿಚ್ಬೇಕು.”

ಅಣ್ಣ ಬಾನೆಟ್ಟಿಗೆ ಮೇಣ ಉಜ್ಜುತ್ತಿದ್ದ. ವಿಷಯ ಕೇಳಿ ಬಟ್ಟೆ ಎಸೆದ. “ಒಂದು ಕಾಗದದ ಚೂರಿಗೆ? ತಲೆ ನೆಟ್ಟಗಿದೆಯೇನೇ? ಯಾರ ಚಪ್ಪಲಿಗೋ ಅಂಟ್ಕೊಂಡು ಹೋಗಿರತ್ತೆ.”

“ಹೋಗಿರಬಹುದು.”

“ಮತ್ತೆ?”

“ಹೋಗಿಲ್ದೇನೂ ಇರಬಹುದು.”

ಗಲಾಟೆ ಕೇಳಿ ಒಳಗಿನಿಂದ ಅತ್ತಿಗೆ ಬಂದಳು. ಗಂಡನ ಮೋರೆ, ನಾದಿನಿಯ ಮೋರೆ ನೋಡಿ, ಮೂಲೆಯ ಕಸದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದಳು. ಹೆಂಗಸರಿಬ್ಬರೂ ಕುಕ್ಕರಗಾಲಿನಲ್ಲಿ ಕೂತು ವಾರದ ಕಸವನ್ನು ಅಕ್ಕಿ ಆರಿಸಿದಂತೆ ಆರಿಸಿದರು. ವಾಷರು ಸಿಕ್ಕಿತು, ಮೊನ್ನೆ ಕಳೆದಿದ್ದ ಅತ್ತಿಗೆಯ ಪಿನ್ನು ಸಿಕ್ಕಿತು. ಬಿಲ್ಲೆ ಸಿಗಲಿಲ್ಲ.

“ಸ್ಟಾರ್ಟ್ ಮಾಡೋಣ,” ಅಣ್ಣ ಅಂದ. “ಆಯಿಲ್ ಗೇಜ್ ಇದೆಯಲ್ಲ, ಅಡ್ಡ ಬಿದ್ದಿದ್ರೆ ತೋರಿಸತ್ತೆ.”

“ಗೇಜು ಹೇಳೋದು ಪಂಪಿನ ಸುದ್ದಿ. ಈ ತೂತು ಅದರಿಂದಾಚೆಗೆ. ಗೇಜು ಚೆನ್ನಾಗೇ ಇದ್ದೀನಿ ಅಂತ ನಗ್ತಾ ಇರತ್ತೆ, ಇತ್ತ ಗೇರು ಒಣಗಿ ಸಾಯ್ತಾ ಇರತ್ತೆ. ಆ ಗೇರು ಯಾರಿಂದ ತರ್ತೀಯ?”

“ಬಿಚ್ಚಿದ್ರೆ ಎಲ್ಲಾ ಪ್ಯಾಕಿಂಗೂ ಹರಿಯತ್ತೆ. ಕೆಳಗಿನ ಆಯಿಲ್ ಚೇಂಬರೂ ಇಳಿಸ್ಬೇಕು. ಮೂರು ದಿನ! ಭಾನುವಾರದ ಗತಿ ಏನು? ಮೆರವಣಿಗೆಯವರೆಲ್ಲಾ ನಮ್ಮನ್ನ ನೋಡ್ಕೊಂಡು ಕೂತಿದಾರೆ. ಇನ್ನು ಮೇಲೆ ಒಂದು ಹಳೇ ಗಾಡಿ ಈ ಬಾಗಿಲಿಗೆ ಬಂದ್ರೆ ಕೇಳು.”

ಅದು ಅವಳಿಗೂ ಗೊತ್ತಿತ್ತು. ಹಳೆಯ ಕಾರುಗಳು ಬಾರದಿದ್ದರೆ ಅವಳ ಸುತ್ತಿಗೆಗೆ ಕೆಲಸವಿಲ್ಲ, ಅಣ್ಣನಾದರೆ ಹೊಸ ಗಾಡಿಗಳ ಆಯಿಲ್ ಬದಲಾಯಿಸಿಕೊಂಡು ಇರುತ್ತಾನೆ. ಕಳೆದುಕೊಳ್ಳುವುದೆಲ್ಲ ಅವಳದೇ. ಬಾಯಿ ಮುಚ್ಚಿಕೊಂಡು ಇದ್ದರೆ ಕೇಳುವವರು ಯಾರೂ ಇಲ್ಲ. ಗೇರು ಆರು ತಿಂಗಳ ಮೇಲೆ ಹೋದರೆ ಹಳೆಯ ಕಬ್ಬಿಣ, ವಯಸ್ಸಾಗಿತ್ತು ಅಂದರೆ ಮುಗಿಯಿತು.

ಐದಕ್ಕೆ ಡಾಕ್ಟರು ಬಂದರು, ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು. ಅಣ್ಣ ಹಲ್ಲು ಕಿರಿಯುತ್ತಾ, “ರೇಡಿಯೇಟರಿಂದು ಒಂಚೂರು...” ಎಂದು ಶುರು ಮಾಡಿದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿದಳು.

“ರೇಡಿಯೇಟರ್ ಸರಿಯಾಗಿದೆ ಡಾಕ್ಟ್ರೇ. ತಪ್ಪು ನಂದು. ಕಾಗದದ ಬಿಲ್ಲೆ ಒಂದು ಎಂಜಿನ್ ಒಳಗೆ ಬಿದ್ದಿರಬಹುದು. ಬಿಚ್ಚಿ ನೋಡ್ಬೇಕು. ಭಾನುವಾರಕ್ಕೆ ಗಾಡಿ ಆಗಲ್ಲ.”

ಡಾಕ್ಟರ ಮುಖ ಕೆಂಪಗಾಯಿತು. “ಬಿದ್ದಿರಬಹುದು ಅಂದ್ರೆ? ಬಿದ್ದಿದೆಯೋ ಇಲ್ವೋ?”

“ಗೊತ್ತಿಲ್ಲ.”

“ಗೊತ್ತಿಲ್ದೇ ಇರೋದಕ್ಕೆ ನಾಲ್ಕು ತಿಂಗಳ ಕೆಲಸ ಕೆಡಿಸ್ತೀರಾ? ನಂಟರನ್ನೆಲ್ಲಾ ಕರೆದಿದೀನಿ ಕಣಮ್ಮಾ. ಸ್ಟಾರ್ಟ್ ಮಾಡಿ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ.”

“ನೀವು ಹಲ್ಲಿಗೆ ಸಿಮೆಂಟ್ ತುಂಬಿದ ಮೇಲೆ ಹತ್ತಿ ಒಳಗೇ ಉಳೀತೇನೋ ಅಂತ ಅನುಮಾನ ಬಂದ್ರೆ ಏನ್ ಮಾಡ್ತೀರಾ?”

“ಅದು ಬೇರೆ!”

“ಏನ್ ಬೇರೆ? ಹಲ್ಲಿನವನು ನೋವು ಅಂತ ಬಂದು ಕಿರುಚ್ತಾನೆ. ಇದಕ್ಕೆ ಬಾಯಿಲ್ಲ.”

ಅಷ್ಟು ಹೇಳಿ ಅವಳು ತಗಡಿನ ಬಾಂಡಲಿ ಎಳೆದುಕೊಂಡು ಕಾರಿನಡಿ ತೂರಿದಳು. ಚೇಂಬರಿನ ಬುಡದ ಬೋಲ್ಟು ಸಡಿಲಿಸಿದ ಸದ್ದು ಕೇಳಿತು. ಜೇನಿನ ಬಣ್ಣದ ಹೊಸ ಆಯಿಲ್ ಬಾಂಡಲಿಗೆ ದಬದಬ ಇಳಿಯಿತು. ಇನ್ನು ಸ್ಟಾರ್ಟ್ ಮಾಡುವ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ. ಡಾಕ್ಟರು ಕ್ಯಾಮರಾ ಚೀಲಕ್ಕೆ ತುರುಕಿ, ತಿರುಗಿ ನೋಡದೆ ಹೊರಟುಹೋದರು.

ಶನಿವಾರ ಬೆಳಿಗ್ಗೆ ಅವಳೊಬ್ಬಳೇ ರೇಡಿಯೇಟರ್ ಇಳಿಸಿದಳು. ಹತ್ತು ಗಂಟೆಗೆ ಅಣ್ಣ ಗೊಣಗುತ್ತಾ ಬಂದು ಕ್ರ್ಯಾಂಕಿನ ಪುಲ್ಲಿ ಚಕ್ರಕ್ಕೆ ಕೈ ಹಾಕಿದ, ಅದು ಒಬ್ಬರಿಂದ ಬರುವಂಥದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಕಳಚಿತು. ಅವಳ ಪ್ಯಾಕಿಂಗ್ ಎಷ್ಟು ಚೆನ್ನಾಗಿ ಹಿಡಿದುಕೊಂಡಿತ್ತೆಂದರೆ, ಬ್ಲೇಡಿನಿಂದ ಕೆರೆದು ಕೆರೆದು ತೆಗೆಯಬೇಕಾಯಿತು. ಅಕ್ಕ ಟಾರ್ಚು ಹಿಡಿದು ಆಯಿಲಿನ ತೂತಿಗೆ ಕಣ್ಣಿಟ್ಟಳು. ಖಾಲಿ. ಅಣ್ಣ ಉಸಿರು ಬಿಟ್ಟ ರೀತಿಯಲ್ಲೇ ಒಂದು ಇಡೀ ಬೈಗುಳವಿತ್ತು.

ಅವಳು ಸೈಕಲ್ಲಿನ ಕಡ್ಡಿಯೊಂದರ ತುದಿಯನ್ನು ಕೊಕ್ಕೆ ಮಾಡಿ ಒಳಗೆ ಬಿಟ್ಟಳು. ಎರಡು ಬೆರಳು ಆಳದಲ್ಲಿ, ದಾರಿ ತಿರುಗುವ ಮೂಲೆಯಲ್ಲಿ, ಏನೋ ಮೆತ್ತಗೆ ತಾಗಿತು. ಮೆಲ್ಲಗೆ ಎಳೆದಳು. ಕೊಕ್ಕೆಯ ತುದಿಯಲ್ಲಿ, ಜೋಡಿಸುವಾಗ ಹಚ್ಚಿದ್ದ ಎಣ್ಣೆ ಕುಡಿದು ಉಬ್ಬಿದ ಕಾಗದದ ಬಿಲ್ಲೆ ಬಂತು. ಉಬ್ಬಿ, ಬಿರಡೆ ಜಡಿದ ಹಾಗೆ ದಾರಿಯನ್ನು ಪೂರ್ತಿ ಬಿಗಿದಿತ್ತು.

ಅಣ್ಣ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ಹೋದ. ಆಮೇಲೆ ಒಳಗೆ ಬಂದವನು ಚೇಂಬರಿನ ಹಳೆಯ ಪ್ಯಾಕಿಂಗ್ ಕೆರೆಯಲು ಕೂತ. ಅವನು ಆ ಕೆಲಸ ಮುಟ್ಟಿ ಹತ್ತು ವರ್ಷವಾಗಿತ್ತು.

ಭಾನುವಾರ ಮೆರವಣಿಗೆ ಆ ಬೀದಿಯಲ್ಲೇ ಹಾದುಹೋಯಿತು. ಹಾರ್ನುಗಳ ಗದ್ದಲ ಕೇಳಿ ಅತ್ತಿಗೆ ಬಾಗಿಲಿಗೆ ಹೋಗಿ ನೋಡಿದಳು. ಅಕ್ಕ ಏಳಲಿಲ್ಲ. ಈಗ ಮುಚ್ಚಳವನ್ನು ಮೇಜಿನ ಮೇಲಿಟ್ಟುಕೊಂಡು ಹೊಸ ಕಾಗದ ತಟ್ಟುತ್ತಿದ್ದಳು.

ಮಂಗಳವಾರ ಡಾಕ್ಟರು ಬಂದರು, ಮುಖ ಇನ್ನೂ ಗಂಟು. ಜತೆಗೆ ಹಳೆಯ ಕಾರಿನ ಖಯಾಲಿಯ ಇಬ್ಬರು ಸ್ನೇಹಿತರಿದ್ದರು. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಡಾಕ್ಟರು ಬಿಲ್ಲೆ ನೋಡಬೇಕೆಂದರು. ಅಣ್ಣ ಅದನ್ನು ಅಂಗೈಯಲ್ಲಿಟ್ಟು ತೋರಿಸಿ ಎದೆಯುಬ್ಬಿಸಿದ.

“ಇಷ್ಟೇ ಇಷ್ಟು ಸಾರ್. ಬೇರೆಯವರಾಗಿದ್ರೆ ಮುಚ್ಚಿ ಕೊಟ್ಬಿಡೋರು. ನಾನು ಆಗಲೇ ಹೇಳ್ದೆ, ಮೆರವಣಿಗೆ ಹಾಳಾಗ್ಲಿ, ಬಿಚ್ಚಲೇಬೇಕು ಅಂತ.”

ಡಾಕ್ಟರು ಅವನ ಮುಖ ನೋಡಿದರು, ಆಮೇಲೆ ಕಾರಿನಡಿಯಿಂದ ಚಾಚಿದ್ದ ಎರಡು ಕಾಲುಗಳನ್ನು ನೋಡಿದರು. ಬಗ್ಗಿ ಕೇಳಿದರು. “ಹೌದೇನಕ್ಕಾ?”

ಅಕ್ಕ ಲ್ಯಾಂಪು ಹಿಡಿದು ಚೇಂಬರಿನ ಅಂಚಿನುದ್ದಕ್ಕೂ ಬೆರಳಾಡಿಸುತ್ತಿದ್ದಳು. ಬೆರಳಿಗೆ ಎಣ್ಣೆ ಅಂಟಲಿಲ್ಲ.

“ಹೂಂ, ಹೇಳ್ದ,” ಅಂದಳು. “ಅಣ್ಣಾ, ಆ ಅರ್ಧ ಇಂಚಿನ ಸ್ಪ್ಯಾನರ್ ಈ ಕಡೆ ತಳ್ಳು. ಎಂಜಿನ್ ಬಿಸಿಯಾದ ಮೇಲೆ ಇನ್ನೊಂದು ಸುತ್ತು ಬಿಗೀಬೇಕು.”

ಅಣ್ಣನಿಗಿಂತ ಮೊದಲು ಡಾಕ್ಟರೇ ಮಂಡಿಯೂರಿ, ಸ್ಪ್ಯಾನರು ಹುಡುಕಿ ಅವಳ ಕೈಗೆ ಕೊಟ್ಟರು.