ಗಂಜಿ ಹಚ್ಚಿದ ನಾರು

ಜಮಖಂಡಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇಟ್ಟಿಗೆಯ ಬಲ ಅಳೆಯುವ ಯಂತ್ರದ ಮುಳ್ಳು ಏರುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಯಂತ್ರದಡಿ ಇದ್ದದ್ದು ನನ್ನ ಜಿಯೋಪಾಲಿಮರ್ ಇಟ್ಟಿಗೆ. ಅದರಲ್ಲಿ ಸಿಮೆಂಟಿಲ್ಲ; ಇದ್ದದ್ದು ಸಕ್ಕರೆ ಕಾರ್ಖಾನೆಯ ಬೂದಿ, ಕ್ಷಾರದ ದ್ರಾವಣ, ಬಿರುಕು ತಡೆಯಲು ಪುಂಡಿ ಗಿಡದ ನಾರು. ನಾರನ್ನು ತೊಳೆದು ಒಣಗಿಸಿಕೊಟ್ಟವಳು ಬನಹಟ್ಟಿಯಲ್ಲಿ ಮಗ್ಗ ನಡೆಸುವ ಅವ್ವ.

ಇಟ್ಟಿಗೆ ಫಟ್ಟೆಂದು ಎರಡಾಯಿತು. ನಾರಿನ ಒಂದು ಎಳೆಯೂ ಹರಿದಿರಲಿಲ್ಲ. ಎಲ್ಲವೂ ನುಣ್ಣಗೆ ಜಾರಿ ಹೊರಬಂದಿದ್ದವು. ಚೀಲದಲ್ಲಿ ಉಳಿದ ನಾರನ್ನು ಆಗ ಮುಟ್ಟಿ ನೋಡಿದೆ. ಗಂಜಿ ಹಾಕಿದ ನೂಲಿನಂತೆ ಗರಿಗರಿಯಾಗಿತ್ತು; ಆ ಪದರದಿಂದಾಗಿ ಇಟ್ಟಿಗೆ ಅದನ್ನು ಹಿಡಿದುಕೊಂಡಿರಲಿಲ್ಲ.

ಮೈ ಉರಿಯಿತು. ಫೋನಿನಲ್ಲಿ ಕಿರುಚಿದೆ: "ಅವ್ವಾ, ಇದಕ್ಕ ಗಂಜಿ ಯಾಕ ಹಚ್ಚಿದಿ?"

"ಗಂಜಿ ಹಚ್ಚಲಾರದ ಯಾರರ ಮಗ್ಗಕ್ಕ ಏರಸ್ತಾರೇನೋ? ಹರೀತೈತಿ," ಎಂದಳು.

ಆ ಇಟ್ಟಿಗೆಯ ಬಗ್ಗೆ ಊರಿಗೆಲ್ಲ ಹೇಳಿದ್ದೆ. ನಾರು ಯಾತಕ್ಕೆಂದು ಅವಳೊಬ್ಬಳಿಗೆ ಹೇಳಿರಲಿಲ್ಲ.