ಚಾವಡಿಯೊಳಗೆ ಸಿಕ್ಕಿಬಿದ್ದ ಕುರ್ಚಿ

ಮಳೆಗಾಲದಲ್ಲಿ ಹೊಳೆ ನಮ್ಮ ಮನೆಗೆ ಬರುತ್ತಿತ್ತು. ಬಂಟ್ವಾಳ ಪೇಟೆಯ ತಗ್ಗಿನಲ್ಲಿರುವವರಿಗೆ ಇದು ಹೊಸ ಸಂಗತಿಯಲ್ಲ. ನೇತ್ರಾವತಿ ತುಂಬಿತೆಂದರೆ ಮೊದಲು ಓಣಿಗೆ, ಆಮೇಲೆ ಅಂಗಳಕ್ಕೆ, ಮನಸ್ಸಾದರೆ ಮನೆಯ ಮುಂಭಾಗದ ಚಾವಡಿಯ ಮೆಟ್ಟಿಲವರೆಗೂ ಬಂದು, ಒಂದೆರಡು ದಿನ ಇದ್ದು, ಕೆಸರು ಬಿಟ್ಟು ಹೋಗುತ್ತಿತ್ತು. ನಾನು ಮಾತ್ರ ಒಮ್ಮೆಯೂ ಅದರ ಮನೆಗೆ ಹೋದವಳಲ್ಲ. ನಮ್ಮ ಕಿಟಕಿಯಿಂದ ತೆಂಗಿನ ಮರಗಳ ನಡುವೆ ಹೊಳೆಯ ಒಂದು ತುಂಡು ಕಾಣುತ್ತಿತ್ತು. ಬೀಡಿ ಕಟ್ಟುತ್ತ ಕಟ್ಟುತ್ತ ನಾನು ಆ ತುಂಡನ್ನೇ ನೋಡುತ್ತಿದ್ದೆ.

ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎರಡೂ ಕಾಲುಗಳು ಸೋತಿದ್ದವು. ನಾನು ದೊಡ್ಡವಳಾದ ಮೇಲೆ ಒಂದು ಶಿಬಿರದಲ್ಲಿ ಗಾಲಿಕುರ್ಚಿ ಕೊಟ್ಟರು. ಆ ಶಿಬಿರ ನಡೆದದ್ದು ಸಭಾಭವನದ ಮಹಡಿಯಲ್ಲಿ. ಕಾಲಿಲ್ಲದವರನ್ನೆಲ್ಲ ಹೊತ್ತು ಮೇಲೆ ತಂದು, ಭಾಷಣ ಕೇಳಿಸಿ, ಹಾರ ಹಾಕಿ, ಗಾಲಿಕುರ್ಚಿ ಕೊಟ್ಟು, ಕುರ್ಚಿ ಸಮೇತ ಮತ್ತೆ ಹೊತ್ತು ಕೆಳಗಿಳಿಸಿದರು. ಅದರ ಮುಂದಿನ ಚಕ್ರಗಳು ಚಕ್ಕುಲಿಗಿಂತ ತುಸು ದೊಡ್ಡವು. ಸಿಮೆಂಟಿನ ನೆಲದಲ್ಲಿ ರಾಣಿಯಂತೆ ಓಡಾಡುತ್ತಿದ್ದ ನಾನು ಅಂಗಳಕ್ಕಿಳಿದರೆ ಸಾಕು, ಎರಡೂ ಚಕ್ಕುಲಿ ಮಣ್ಣಿನಲ್ಲಿ ಹೂತು ನಿಂತುಬಿಡುತ್ತಿದ್ದೆ.

ಆಗ ಯಾರಾದರೂ ಹೇಳುತ್ತಿದ್ದರು, 'ಎತ್ತುವ', ಅಂದರೆ ಎತ್ತೋಣ, ಎಂದು. ಈ ಮಾತು ನನಗೆ ಕೇಳಿದರಾಗದು. ಬಸ್ಸಿಗೆ ಎತ್ತುವ, ಆಸ್ಪತ್ರೆಯ ಮೆಟ್ಟಿಲಿಗೆ ಎತ್ತುವ, ಮೂಡುಬಿದಿರೆಯ ಬಸದಿಗೆ ಹೋದಾಗ ಎತ್ತುವ. ಬಸದಿಯ ಕಂಬಗಳ ಚಂದ ಊರಿಗೆಲ್ಲ ಗೊತ್ತು. ನನಗೆ ನೆನಪಿರುವುದು ನನ್ನನ್ನು ಎತ್ತಿದ್ದವರ ಬೆವರಿದ ಕುತ್ತಿಗೆ. ಎತ್ತಿಸಿಕೊಂಡವರು ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಉಪಕಾರ ಮಾಡುತ್ತಿದ್ದಾರಲ್ಲ, ಎಲ್ಲಿಗೆ ತಲುಪಿದರೂ ನಗುಮುಖದಿಂದಲೇ ತಲುಪಬೇಕು. ಅದಕ್ಕೇ ಹೊಳೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಯಾರಾದರೂ ಹೊರಟರೆ ನಾನೇ ಬೇಡವೆನ್ನುತ್ತಿದ್ದೆ. ಹೊಳೆಗೆ ಹೋಗುವುದಾದರೆ ಯಾರ ಹೆಗಲ ಮೇಲೂ ಅಲ್ಲ, ಕೂತುಕೊಂಡೇ ಹೋಗುತ್ತೇನೆ ಎಂಬುದು ನನ್ನ ಹಟ. ಹಟಮಾರಿ ಎಂದು ಅಮ್ಮ ಬೈಯುತ್ತಿದ್ದಳು. ಹೌದು, ಹಟಮಾರಿಯೇ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆಗೆ ಭಾವ ದುಬೈಯಿಂದ ರಜೆಯಲ್ಲಿ ಬಂದರು. ಬೆಳ್ತಂಗಡಿಗೆ ಕೊಟ್ಟ ನನ್ನ ಅಕ್ಕನ ಗಂಡ ಅವರು. ದುಬೈಯಲ್ಲಿ ಕಡಲ ದಂಡೆಯ ಒಂದು ಹೋಟೆಲಿನಲ್ಲಿ ಅವರಿಗೆ ಕೆಲಸ. ಕಾರ್ಗೋದಲ್ಲಿ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ನಮ್ಮ ಚಾವಡಿಯಲ್ಲಿಟ್ಟು, ಹಾಲಿನ ಪುಡಿಯ ಡಬ್ಬಿ, ಕಂಬಳಿ, ಸಾಬೂನುಗಳನ್ನೆಲ್ಲ ಹೊರತೆಗೆದ ಮೇಲೆ ಅಡಿಯಿಂದ ಒಂದು ಕುರ್ಚಿಯ ಬಿಡಿಭಾಗಗಳು ಬಂದವು. ಕುರ್ಚಿಗಿಂತ ದೊಡ್ಡವು ಅದರ ಚಕ್ರಗಳು. ಹಳದಿ ಬಣ್ಣ, ಒಳಗೆ ಗಾಳಿ, ಒಂದೊಂದೂ ದೊಡ್ಡ ಕುಂಬಳಕಾಯಿಯಷ್ಟು ದಪ್ಪ. ಅವರ ಹೋಟೆಲಿನಲ್ಲಿ ನಡೆಯಲಾರದ ಅತಿಥಿಗಳನ್ನು ಇಂಥ ಕುರ್ಚಿಯಲ್ಲೇ ಮರಳಿನ ಮೇಲೆ ತಳ್ಳಿಕೊಂಡು ನೇರ ಸಮುದ್ರಕ್ಕೆ ಇಳಿಸುತ್ತಾರಂತೆ. ಅದನ್ನು ನೋಡಿದ ಕೂಡಲೇ ನನ್ನ ನೆನಪಾಯಿತು ಎಂದರು ಭಾವ. ಖುಷಿಯಲ್ಲಿ ನಾನು ಒಂದು ಚಕ್ರವನ್ನು ಮಡಿಲಿಗೆಳೆದು ಅಪ್ಪಿಕೊಂಡೆ. ಎಷ್ಟು ಹೊತ್ತಾದರೂ ಬಿಡದ್ದನ್ನು ನೋಡಿ ಅಮ್ಮ ಗಾಬರಿಯಾಗಿ ನೀರು ತಂದುಕೊಟ್ಟಳು.

ಓಣಿಯವರೆಲ್ಲ ನೋಡಲು ಸೇರಿದ್ದರು. ಭಾವ ಅವರ ಎದುರಿಗೇ ಚಾವಡಿಯ ನಡುವೆ ಕುರ್ಚಿಯನ್ನು ಜೋಡಿಸಿ, ಚಕ್ರ ಸಿಕ್ಕಿಸಿ, ನನ್ನನ್ನು ಕೂರಿಸಿ, ಒಂದು ಸುತ್ತು ತಿರುಗಿಸಿದರು. ಚಪ್ಪಾಳೆಯೂ ಆಯಿತು. ಇನ್ನು ಹೊರಗೆ ಹೋಗುವ ಎಂದು ತಳ್ಳಿದರೆ ಎರಡೂ ಚಕ್ರ ಬಾಗಿಲಿನ ದಾರಂದಕ್ಕೆ ಬಡಿದು ಕುರ್ಚಿ ಹಿಂದಕ್ಕೆ ಪುಟಿಯಿತು. ಓರೆ ಮಾಡಿ ತಳ್ಳಿದರು, ಹಿಂದುಮುಂದಾಗಿ ಎಳೆದರು. ಮರುಭೂಮಿ, ಸಮುದ್ರ ಎಲ್ಲವನ್ನೂ ದಾಟುವ ಕುರ್ಚಿ ನಮ್ಮ ಬಾಗಿಲನ್ನು ದಾಟಲಿಲ್ಲ. ಚಕ್ರ ಬಿಚ್ಚಿ ಹೊರಗೊಯ್ದು ಮತ್ತೆ ಜೋಡಿಸುವ ಎಂದು ಭಾವ ಹೊರಟಾಗ ಅಮ್ಮ ಅಡ್ಡ ನಿಂತಳು. ಅಷ್ಟು ದೂರದಿಂದ ಬಂದ ವಸ್ತುವನ್ನು ಬಂದ ದಿನವೇ ಮಣ್ಣಿಗಿಳಿಸುವುದು ಅವಳಿಗೆ ಸರಿಕಾಣಲಿಲ್ಲ.

ನಮ್ಮ ಕಡೆ ಗಲ್ಫಿನಿಂದ ಬಂದ ಯಾವುದರ ಪ್ಲಾಸ್ಟಿಕ್ಕನ್ನೂ ಬಿಚ್ಚುವ ಕ್ರಮವಿಲ್ಲ. ಮಿಕ್ಸಿ ಇರಲಿ, ಸೋಫಾ ಇರಲಿ, ಕವರು ತಾನಾಗಿ ಹರಿದು ಬೀಳುವ ತನಕ ಅದು ಹೊಸತು. ಹಾಗೆ ನನ್ನ ಕುರ್ಚಿಯೂ ಪ್ಲಾಸ್ಟಿಕ್ ಹೊದ್ದುಕೊಂಡು ಚಾವಡಿಯಲ್ಲೇ ನಿಂತಿತು. ಭಾವನ ರಜೆ ಮುಗಿಯಿತು. ಅಮ್ಮ ಕುರ್ಚಿಯ ಬೆನ್ನಿಗೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿದಳು. ಮನೆಯಲ್ಲಿದ್ದ ಆಸನಗಳಲ್ಲೆಲ್ಲ ಅದೇ ಉತ್ತಮವಾದ್ದರಿಂದ ಬಂದ ನೆಂಟರನ್ನು ಅದರಲ್ಲೇ ಕೂರಿಸತೊಡಗಿದಳು. ನೆಂಟರು ನನ್ನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, ಪಾಪ ಈ ಹುಡುಗಿಗೆ ಹೊರಗೆ ಎಲ್ಲಿಗೂ ಹೋಗಲಿಕ್ಕಾಗುವುದಿಲ್ಲವಲ್ಲ ಎಂದು ಮರುಗುತ್ತಿದ್ದರು. ನಾನು ಎದುರಿಗೆ ಚಕ್ಕುಲಿ ಚಕ್ರದ ಕುರ್ಚಿಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಹೊಳೆ ಬದಿಯಲ್ಲಿ ಒಂದು ಬ್ಯಾರಿ ಮುಸ್ಲಿಂ ಕುಟುಂಬದ ಮನೆಯಿತ್ತು. ಅಲ್ಲಿನ ಯಜಮಾನಿಯನ್ನು ನಾವು ಮಾಮಿ ಎನ್ನುತ್ತಿದ್ದೆವು. ಅಮ್ಮನಿಗೂ ಅವರಿಗೂ ಬಹಳ ಬಳಕೆ. ಬೀಡಿ ಎಲೆ ಕತ್ತರಿಸುವುದಿದ್ದರೆ ತಮ್ಮ ಮೊರವನ್ನೂ ಎತ್ತಿಕೊಂಡು ನಮ್ಮಲ್ಲಿಗೆ ಬಂದುಬಿಡುತ್ತಿದ್ದರು. ಮುಂದಿನ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಾಮಿ ನನ್ನ ಹಳದಿ ಚಕ್ರದ ಕುರ್ಚಿಯಲ್ಲಿ ಕೂತು, ಪ್ಲಾಸ್ಟಿಕ್ ಚರಚರ ಎನ್ನಿಸುತ್ತ, ಅಮ್ಮನಿಗೆ ಪರಿಭವ, ಎಂದರೆ ಮುನಿಸಿನ ದೂರು, ಹೇಳಿದರು. ನಾನು ಬರುವುದಕ್ಕೆ ಲೆಕ್ಕವಿಲ್ಲ, ನೀವು ತಾಯಿ ಮಗಳು ನಮ್ಮ ಮನೆಗೆ ಬರುವುದೇ ಇಲ್ಲ ಎಂದು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ದೂರಿಲ್ಲ. ಬಂದವರ ಮನೆಗೆ ತಿರುಗಿ ಹೋಗದಿದ್ದರೆ ಜಂಬದವರು ಎಂದಾಗುತ್ತದೆ. ಅಮ್ಮನ ಮುಖ ಸಣ್ಣದಾಯಿತು. ಇವಳನ್ನು ಬಿಟ್ಟು ಹೇಗೆ ಬರುವುದು ಎಂದು ನನ್ನ ಮೇಲೆ ಹಾಕಿದಳು.

ನನಗೆ ತಡೆಯಲಿಲ್ಲ.

"ನಾನು ಬರುವ ಕುರ್ಚಿಯಲ್ಲಿ ನೀವು ಕೂತಿದ್ದೀರಲ್ಲ ಮಾಮಿ, ಮತ್ತೆ ನಾನು ಹೇಗೆ ಬರುವುದು?"

ಮಾಮಿ ಒಮ್ಮೆ ಕೆಳಗೆ ಬಗ್ಗಿ ಚಕ್ರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡಿ, ಮಡಿಲಿನ ಬೀಡಿ ಎಲೆಯೆಲ್ಲ ನೆಲಕ್ಕೆ ಬಿತ್ತು. ನಗುತ್ತಲೇ ಎದ್ದು, ಈಗಲೇ ಹೋಗುವ ಎಂದರು. ಅವರ ಮೊಮ್ಮಗುವಿನ ತಳ್ಳುಗಾಡಿಯೂ ಗಲ್ಫಿನದ್ದೇ ಆಗಿದ್ದರಿಂದ ಚಕ್ರದ ಬಳಿ ಒತ್ತುವ ಗುಂಡಿ ಎಲ್ಲಿರುತ್ತದೆಂದು ಗೊತ್ತಿತ್ತು. ಚಕ್ರಗಳು ಹಲಸಿನ ತೊಳೆ ಬಿಡಿಸಿದಷ್ಟು ಸಲೀಸಾಗಿ ಬಂದವು. ವರ್ಷವಿಡೀ ನೆಂಟರನ್ನು ಹೊತ್ತ ಕುರ್ಚಿ ಚಹಾ ಕುದಿಯುವುದರೊಳಗೆ ಮತ್ತೆ ಚಕ್ರ ತೊಟ್ಟು ಅಂಗಳದಲ್ಲಿತ್ತು. ನಾನು ಕೂತಲ್ಲೇ ಜರುಗುತ್ತ ಮೆಟ್ಟಿಲಿಳಿದು ಅದನ್ನೇರಿದೆ. ಪ್ಲಾಸ್ಟಿಕ್ ಮಾತ್ರ ಇರಲಿ ಎಂದಳು ಅಮ್ಮ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಚಿಪ್ಪು ಕದಳಿ ಬಾಳೆಹಣ್ಣನ್ನು ನನ್ನ ಮಡಿಲಿಗೆ ಹಾಕಿದಳು.

ಅಂಗಳ ದಾಟಿದೆವು, ಹೂತುಹೋಗಲಿಲ್ಲ. ಓಣಿಯ ಜಲ್ಲಿಕಲ್ಲು ದಾಟಿದೆವು. ಆಮೇಲೆ ಹೊಳೆಯ ಕಡೆಗಿನ ಇಳಿಜಾರು. ಹಿಂದಿನಿಂದ ಅಮ್ಮ ಹಿಡಿಯನ್ನು ಎಳೆದು ಹಿಡಿದಿದ್ದಳು, ಮುಂದಿನಿಂದ ಮಾಮಿ ತಡೆಯುತ್ತಿದ್ದರು. ಇಬ್ಬರಿಗೂ ನಗು ಬಂದು ಕೈಯಲ್ಲಿ ಬಲವಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ನಾನು ಎಣ್ಣೆ ಹಚ್ಚಿದವಳ ಹಾಗೆ ಜಾರುತ್ತಿದ್ದೆ, ಸೊಂಟದ ಬೆಲ್ಟು ಒಂದು ಇದ್ದದ್ದಕ್ಕೆ ಉಳಿದೆ. ಒಂದು ಕಡೆ ಮಾಮಿ ಬದಿಗೆ ಹಾರಿದರು, ಕುರ್ಚಿ ಓಡಿತು, ಅದರ ಹಿಂದೆ ಅಮ್ಮ ಓಡಿದಳು. ಗಾಳಿ ಮುಖಕ್ಕೆ ಬಡಿಯುವಷ್ಟು ವೇಗದಲ್ಲಿ ನಾನು ಅದುವರೆಗೆ ಹೋದದ್ದು ಬಸ್ಸಿನಲ್ಲಿ ಮಾತ್ರ. ಚಾರ್ಮಾಡಿ ಘಾಟಿಯನ್ನೇ ಇಳಿದ ಹಾಗೆ ಕಿರುಚಿದೆ. ಮಾಮಿಯ ಮನೆಯ ಗೇಟು ಬಂತು, ಹೋಯಿತು. ಮರಳಿಗೆ ಬಂದ ಮೇಲೆಯೇ ಕುರ್ಚಿ ನಿಂತದ್ದು.

ಮರಳಿನಲ್ಲೂ ಚಕ್ರ ಹೂತಿರಲಿಲ್ಲ. ಎದುರಿಗೆ ಹೊಳೆ. ಕಿಟಕಿಯಲ್ಲಿ ಕಾಣುತ್ತಿದ್ದ ತುಂಡಲ್ಲ, ಇಡೀ ಹೊಳೆ. ಇಷ್ಟು ಅಗಲ ಇರಬಹುದೆಂದು ನಾನು ಎಣಿಸಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮರಳಿನ ದೋಣಿಯವರೂ ನೋಡಿದರು. ಮಾಮಿಯ ಮನೆಗೆ ಆಮೇಲೆ ಹೋಗುವ, ಇಷ್ಟು ವರ್ಷ ನಮ್ಮ ಮನೆಗೆ ಬಂದದ್ದು ಇದೂ ತಾನೆ, ಇದರ ಮನೆಗೆ ಮೊದಲು ಹೋಗುವ ಎಂದೆ. ಅಮ್ಮ ತಳ್ಳಿದಳು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಬರಿಗೈಯಲ್ಲಿ ಬಂದಿಲ್ಲ ಎಂದು ತೋರಿಸಲು ಒಂದು ಬಾಳೆಹಣ್ಣನ್ನು ಹೊಳೆಗೆ ಬಿಟ್ಟೆ. ಹಣ್ಣು ಹಾಳುಮಾಡಿದೆ ಎಂದು ಅಮ್ಮ ಬೈದಳು.

ಅಷ್ಟರಲ್ಲಿ ಕವರಿನೊಳಗೆ ನೀರು ನುಗ್ಗಿ, ಅದು ಉಬ್ಬಿ, ಟಪ್ಪೆಂದು ಕಿತ್ತುಕೊಂಡು ತೇಲಿಹೋಯಿತು. "ಅಯ್ಯೋ ಪ್ಲಾಸ್ಟಿಕ್" ಎನ್ನುತ್ತ ಅಮ್ಮ ಹಿಡಿ ಬಿಟ್ಟು ಅದರ ಹಿಂದೆ ಹೋದಳು. ಮಾಮಿ ಓಡಿಬಂದು ಹಿಡಿ ಹಿಡಿದುಕೊಳ್ಳುವಷ್ಟರಲ್ಲಿ ಚಕ್ರಗಳು ನೆಲ ಬಿಟ್ಟಿದ್ದವು. ಕುರ್ಚಿ ಮೆಲ್ಲನೆ ಮೇಲೆದ್ದಿತು. ನಾನೂ ಅದರೊಂದಿಗೆ ಎದ್ದೆ. ನನ್ನ ಕಂಕುಳಡಿಯಲ್ಲಿ ಯಾರ ಕೈಯೂ ಇರಲಿಲ್ಲ, ಯಾರ ಏದುಸಿರೂ ಕೇಳಲಿಲ್ಲ. ಹೊಳೆ ನನ್ನನ್ನು ಎತ್ತಿತ್ತು. ನನಗೆ ಸಿಟ್ಟು ಬರಲಿಲ್ಲ. ಹುಚ್ಚು ಹಿಡಿದವಳ ಹಾಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸೊಂಟದವರೆಗೆ ನೆನೆದು, ಪ್ಲಾಸ್ಟಿಕ್ಕಿನ ಒಂದು ಮೂಲೆ ಹಿಡಿದು ನಿಂತಿದ್ದ ಅಮ್ಮ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಆ ಕವರನ್ನು ಮುದ್ದೆಮಾಡಿ ದಡಕ್ಕೆಸೆದು ನನ್ನ ಬಳಿಗೆ ಬಂದಳು. ಅದು ಆಮೇಲೆ ಬೀಡಿ ಎಲೆಯ ಕಟ್ಟಿಗೆ ಹೊದಿಕೆಯಾಯಿತು.

ಕುರ್ಚಿ ಮತ್ತೆ ಚಾವಡಿಗೆ ಹೋಗಲಿಲ್ಲ. ಮಾಡಿನ ಕೆಳಗೆ, ಜಗಲಿಯ ಪಕ್ಕದಲ್ಲಿ ನಿಂತಿತು. ನೆಂಟರಿಗೆ ಬೆತ್ತದ ಕುರ್ಚಿ ಬಂತು.

ಆ ವರ್ಷ ಮಳೆ ಜೋರಾಗುವ ಆಟಿ ತಿಂಗಳಲ್ಲಿ ಹೊಳೆ ಎಂದಿನಂತೆ ಬಂತು. ಓಣಿಯಲ್ಲಿ ಮೊಣಕಾಲಷ್ಟು ನೀರು ನಿಂತಿತು. ಪ್ರತಿವರ್ಷ ಇಂಥ ಹೊತ್ತಿಗೆ ಏರಿನ ಮನೆಯ ಗಂಡಸರು ಬಂದು ನನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದರು. ಈ ಸಲವೂ ಬಂದರು. ಪಂಚೆ ಎತ್ತಿ ಕಟ್ಟಿ, ಒಬ್ಬರು ಆಗಲೇ ನನ್ನ ಮುಂದೆ ಬೆನ್ನು ಬಗ್ಗಿಸಿದ್ದರು. ನಾನು ಹಳದಿ ಚಕ್ರದ ಕುರ್ಚಿಯಲ್ಲಿ ಬೆಲ್ಟು ಕಟ್ಟಿಕೊಂಡು, ಮಡಿಲಲ್ಲಿ ಬೀಡಿಯ ಮೊರ ಇಟ್ಟುಕೊಂಡು ಕೂತಿದ್ದೆ. ಹಿಂದೆ ಹಿಡಿ ಹಿಡಿದು ನಿಂತಿದ್ದ ಅಮ್ಮ ಹೇಳಿದಳು:

"ಎತ್ತುವುದು ಬೇಡ. ಅವಳು ಬರ್ತಾಳೆ."

ಅವರು ಬದಿಗೆ ಸರಿದು ದಾರಿ ಬಿಟ್ಟರು.