ಅಂಗೈ ಒತ್ತಿ ನೋಡುತ್ತಿದ್ದ ಆಯಮ್ಮ

ಆಯಮ್ಮನ ಬಲಗೈ ಹೆಬ್ಬೆರಳು ಗಿಡ್ಡ, ಅಗಲ. ಉಗುರು ಹುಣಸೆ ಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿತ್ತು. ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ, ನನ್ನ ಮಗಳನ್ನು ಹತ್ತಿರ ಎಳೆದುಕೊಂಡು ನೆತ್ತಿ ಮೂಸುವುದು. ಆಮೇಲೆ ಅವಳ ಎರಡೂ ಅಂಗೈ ಬಿಡಿಸಿ, ಬೆರಳಿನ ಬುಡಗಳನ್ನು ಆ ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತುವುದು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರ ಹಾಗೆ. ಅದು ಮುಗಿದ ಮೇಲೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಏನೂ ಕದಿಯದೆ ಹೊರಟವರನ್ನೂ ನಿಲ್ಲಿಸಿ ಚೀಲ ಬಿಚ್ಚಿಸುವಂಥ ನೋಟ ಅದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಂತ ನಾನೇನೂ ಕಡಿಮೆಯವಳಲ್ಲ. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡುವವಳು ನಾನು. ನಮ್ಮದು ಗುಂಡ್ಲುಪೇಟೆ, ಯಜಮಾನರು ಹತ್ತಿರದ ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಫೋನ್ ಎತ್ತದಿದ್ದರೆ ಯಾಕೆ ಎತ್ತಲಿಲ್ಲ ಅಂತ ಸಂಜೆಯವರೆಗೆ ಲೆಕ್ಕ ಹಾಕುತ್ತಾ ಕೂರುತ್ತೇನೆ. ಇಂಥ ಇಬ್ಬರು ಹೆಂಗಸರ ನಡುವೆ ಒಂದು ಕೂಸು ಬೆಳೆಯಿತು ಅಂದರೆ ಅದರ ಪುಣ್ಯ ದೊಡ್ಡದು.

ನಮಗೆ ಮಕ್ಕಳಾಗಲಿಲ್ಲ. ದತ್ತು ಅಂತ ಹೋದರೆ ಎಳೆ ಮಗುವಿಗೆ ಸಾಲು ಬಲು ಉದ್ದ. ಆಗ ಚಾಮರಾಜನಗರದ ಆಫೀಸಿನಲ್ಲಿ ಒಬ್ಬ ಮೇಡಂ ಪೋಷಕತ್ವದ ವಿಷಯ ಹೇಳಿದರು. ಮಕ್ಕಳ ನಿಲಯದಲ್ಲಿ ಆರು ವರ್ಷದ ಹುಡುಗಿ ಇದ್ದಾಳೆ, ಹುಡುಕಿದರೂ ಅವಳ ಕಡೆಯವರು ಯಾರೂ ಸಿಕ್ಕಿಲ್ಲ. ಮೊದಲು ನಿಮ್ಮ ಮನೆಯಲ್ಲಿಟ್ಟುಕೊಂಡು ಸಾಕಿ, ಎರಡು ವರ್ಷ ನೋಡುತ್ತೇವೆ, ಎಲ್ಲ ಸರಿಹೋದರೆ ದತ್ತು ಕೊಡಬಹುದು ಅಂದರು. ಸರಿಹೋಗದಿದ್ದರೆ ಅಂತ ಕೇಳಿದೆ. ವಾಪಸ್ ಕರೆದುಕೊಳ್ಳುತ್ತೇವೆ ಅಂದರು. ಆ ಮಾತು ಎರಡು ವರ್ಷವೂ ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು. ನಾವು ಮೀನು ತಿನ್ನುವವರಲ್ಲ, ಆದರೂ ಹಾಗೇ ಇರಬೇಕು ಅದು.

ಆಯಮ್ಮ ಆ ನಿಲಯದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಹೆಸರು ಏನೋ ಇತ್ತು, ಮಕ್ಕಳೆಲ್ಲ ಆಯಮ್ಮ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಮಗುವನ್ನು ಕರೆತರುವ ದಿನ ಅದರ ಕೈಬಿಡದೆ ಗೇಟಿನವರೆಗೂ ಬಂದರು. ಯಜಮಾನರು ಕಾರಿನ ಬಾಗಿಲು ತೆಗೆದು ನಿಂತಿದ್ದಾರೆ, ಇವರು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದರು:

“ಗುಂಡ್ಲುಪೇಟೇಲಿ ಮನೆಗೆಲ್ಸಕ್ಕೆ ಜನ ಸಿಕ್ತಿಲ್ವಾ ಕಣವ್ವ?”

ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದು ನನ್ನ ಜನ್ಮದಲ್ಲೇ ದೊಡ್ಡ ಸಾಧನೆ. ಬಾಯಿ ತೆರೆದಿದ್ದರೆ ಮಗು ಅಲ್ಲೇ ಉಳಿಯುತ್ತಿತ್ತು. ದಾರಿಯುದ್ದಕ್ಕೂ ಯಜಮಾನರ ಮೇಲೆ ಹಾರಾಡಿದೆ. ಹಿಂದಿನ ಸೀಟಿನಲ್ಲಿ ಕೂಸು ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಕಿಟಕಿಯಾಚೆ ಹಳದಿ ಚೆಂಡುಹೂವಿನ ಹೊಲಗಳನ್ನು ನೋಡುತ್ತಾ ಕೂತಿತ್ತು.

ಆಮೇಲೆ ಶುರುವಾಯಿತು ಭಾನುವಾರದ ಕಾಟ. ಆಫೀಸಿನವರು ಫೋನ್ ಮಾಡಿ ಬರುತ್ತಿದ್ದರು, ನಾನು ನೆಲ ಒರೆಸಿ ಮಗುವಿಗೆ ಒಳ್ಳೆ ಫ್ರಾಕ್ ಹಾಕಿ ಕಾಯುತ್ತಿದ್ದೆ. ಆಯಮ್ಮ ಹೇಳದೆ ಕೇಳದೆ ಬರುತ್ತಿದ್ದರು, ತಮ್ಮ ರಜದಲ್ಲಿ, ತಮ್ಮ ದುಡ್ಡಿನಲ್ಲಿ, ಬಸ್ಸು ಹತ್ತಿ. ಅದೂ ಸರಿಯಾಗಿ ಊಟದ ಹೊತ್ತಿಗೆ. ಊಟ ಮಾಡಿ ಅಂದರೆ ಆಗಿದೆ ಕಣವ್ವ ಅನ್ನುವುದು. ಗೋಡೆಗೆ ಒರಗಿ ಕೂತು ಮಗು ಯಾರ ಪಕ್ಕ ಕೂತಿದೆ, ಯಾರು ಬಡಿಸಿದರು, ಮುದ್ದೆ ಎಷ್ಟು, ಸಾರಿನಲ್ಲಿ ಕಾಳು ಇದೆಯೋ ಇಲ್ಲವೋ, ಎಲ್ಲ ನೋಡುವುದು. ನಾನು ನೀರು ತರಲು ಒಳಗೆ ಹೋದರೆ ಸಾಕು, ಪಿಸುಪಿಸು ಕೇಳುತ್ತಿತ್ತು: “ಒಡೀತಾರಾ ಮಗ? ರಾತ್ರಿ ಯಾರ ತಾವ ಮನಿಕತೀಯ?”

ನಮ್ಮತ್ತೆಯವರು ಅವರಿಗೆ ಕಾಫಿ ಕೊಡುತ್ತಿದ್ದರು. ಜಗಲಿಯ ಗೂಡಿನಲ್ಲಿ ಅಂಚು ನಗ್ಗಿದ ಸ್ಟೀಲ್ ಲೋಟ ಒಂದಿತ್ತು, ಹೊಲದ ಕೆಲಸಕ್ಕೆ ಬರುವವರಿಗೆ ಅಂತ ಅತ್ತೆಯವರು ಬೇರೆ ಇಟ್ಟಿದ್ದು. ಆಯಮ್ಮನ ಜಾತಿ ಯಾರೂ ಕೇಳಲಿಲ್ಲ. ಅವರ ಕೆಲಸ ನೋಡಿ ಅತ್ತೆಯವರೇ ತೀರ್ಮಾನ ಮಾಡಿಕೊಂಡು ಅದರಲ್ಲೇ ಕೊಟ್ಟರು. ಆಯಮ್ಮ ಲೋಟ ನೋಡಿದರು, ಗೂಡು ನೋಡಿದರು, ಥ್ಯಾಂಕ್ಸ್ ಕಣವ್ವ ಅಂತ ಪಕ್ಕದಲ್ಲಿಟ್ಟುಕೊಂಡರು. ಹೋಗುವಾಗ ಕಾಫಿ ಕೆನೆಗಟ್ಟಿ ಅಲ್ಲೇ ಇರುತ್ತಿತ್ತು. ಅಡುಗೆಮನೆಯಲ್ಲಿ ನಾನೂ ಅತ್ತೆಯವರೂ ಒಮ್ಮತಕ್ಕೆ ಬಂದ ವಿಷಯ ಒಂದೇ, ಈ ಹೆಂಗಸಿಗೆ ದುರಹಂಕಾರ ಅಂತ.

ನನ್ನ ಅನುಮಾನ ಬೇರೆ ದಾರಿ ಹಿಡಿಯಿತು. ಸುಮ್ಮಸುಮ್ಮನೆ ಯಾರಾದರೂ ಹೀಗೆ ಬರುತ್ತಾರಾ? ಈಯಮ್ಮ ಮಗುವಿಗೆ ಏನೋ ಆಗಬೇಕು. ಅಜ್ಜಿಯೋ ದೊಡ್ಡಮ್ಮನೋ, ಬಚ್ಚಿಟ್ಟಿದ್ದಾರೆ. ದತ್ತು ಆಗುವ ಹೊತ್ತಿಗೆ ನನ್ನ ಮೊಮ್ಮಗಳು ಅಂತ ಎದ್ದು ನಿಲ್ಲುತ್ತಾರೆ. ಇಬ್ಬರ ಕಿವಿಯನ್ನೂ ಹೋಲಿಸಿ ನೋಡಿದೆ. ಒಂದೇ ತರಹ ಇವೆ ಅನ್ನಿಸಿತು. ಯಜಮಾನರಿಗೆ ಹೇಳಿದರೆ, ನಿನ್ನ ಕಿವಿಯೂ ಹಾಗೇ ಇದೆ, ಮಲಗು ಅಂದರು. ಒಂದು ಭಾನುವಾರ ಮಗು ಅವರನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿಕೊಡಲು ಹೋಗಿ ಬಂದಾಗ ಬಾಯಿ ಮೂಸಿದೆ. ಬೇಯಿಸಿದ ಮೊಟ್ಟೆ! ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು, ಅಂಗಡಿ ಮರೆಯಲ್ಲಿ ತಿನ್ನಿಸಿದ್ದರು.

ಮುಂದಿನ ಸಲ ಬಂದಾಗ ಗೇಟಿನಲ್ಲೇ ತಡೆದೆ. ನೀವು ಇವಳಿಗೆ ಏನಾಗಬೇಕು, ನಿಜ ಹೇಳಿ ಅಂದೆ. ಆಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಏನೂ ಆಗ್ಬೇಕಿಲ್ಲ ಕಣವ್ವ. ಏನಾರ ಆಗಿದ್ರೆ ನಿಮ್ಗೆ ಕೊಟ್ಬುಡ್ತಿದ್ನಾ?”

ದಾರಿ ಬಿಟ್ಟೆ.

ಅಷ್ಟು ಹೊತ್ತಿಗೆ ಎರಡು ವರ್ಷ ಮುಗಿಯುತ್ತಾ ಬಂದಿತ್ತು. ಮಗಳು ನನ್ನನ್ನು ಅಮ್ಮ ಅನ್ನುತ್ತಿದ್ದಳು, ಅತ್ತೆಯವರ ಕಾಲು ಒತ್ತಿ ಕತೆ ಹೇಳಿಸಿಕೊಳ್ಳುತ್ತಿದ್ದಳು, ಶಾಲೆಯಲ್ಲಿ ಜಗಳ ಆಡಿ ಬರುತ್ತಿದ್ದಳು. ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ. ಉಂಡ ಕೂಡಲೇ ತನ್ನ ತಟ್ಟೆ ತಾನೇ ತೊಳೆದು, ಹಿತ್ತಿಲ ಕಿಟಕಿಯ ಕಟ್ಟೆ ಮೇಲೆ ಬೋರಲು ಹಾಕುವಳು. ಬೇಡ ಕಣೇ, ಎಲ್ಲರದ್ದರ ಜೊತೆ ಬುಟ್ಟಿಯಲ್ಲಿಡು ಅಂದರೆ ತಲೆ ಆಡಿಸುವಳು, ಮಾರನೇ ದಿನ ಮತ್ತೆ ಕಿಟಕಿಗೇ. ಹೋಗಲಿ ಅಂತ ಬಿಟ್ಟೆ. ಒಂದು ಭಾನುವಾರ ಆಯಮ್ಮ ಮೊದಲ ಸಲ ಹಿತ್ತಿಲಿಗೆ ಕೈ ತೊಳೆಯಲು ಹೋದವರು ಆ ತಟ್ಟೆ ನೋಡಿದರು. ಯಾರದು ಅಂತ ಕೇಳಿದರು, ನನ್ನದು ಅಂದಳು ಮಗಳು. ಯಾರು ತೊಳೆದರು, ನಾನೇ. ಆಯಮ್ಮ ಅವತ್ತು ನನ್ನ ಮುಖವನ್ನೂ ನೋಡದೆ ಹೊರಟುಹೋದರು.

ನಮ್ಮ ಸೀಮೆಯಲ್ಲಿ ಒಬ್ಬರ ತಟ್ಟೆ ಬೇರೆಯಾಗಿ ಕಿಟಕಿಯ ಮೇಲೆ ಇದೆ ಅಂದರೆ ಅವರು ಮನೆಯವರಲ್ಲ ಅಂತಲೇ ಅರ್ಥ. ನನಗೆ ಅದು ಹೊಳೆಯಲೇ ಇಲ್ಲ. ಆಫೀಸಿನಿಂದ ಫೋನ್ ಬಂದಾಗ ಹೊಳೆಯಿತು. ತಟ್ಟೆ ಬೇರೆ ಮಾಡಿ, ಮಗುವನ್ನು ಮುಟ್ಟಿಸಿಕೊಳ್ಳದೆ ಆಳಿನ ಹಾಗೆ ಇಟ್ಟಿದ್ದೀರಿ ಅಂತ ದೂರು ಬಂದಿದೆ, ಮಗುವನ್ನು ಕರೆದುಕೊಂಡು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬನ್ನಿ, ತೀರ್ಮಾನ ಆಗುವವರೆಗೆ ಮಗು ನಿಲಯದಲ್ಲಿ ಉಳಿಯಬೇಕಾಗಬಹುದು, ಬಟ್ಟೆ ತನ್ನಿ ಅಂದರು. ಅವಳ ಫ್ರಾಕುಗಳನ್ನು ಮಡಿಸುವಾಗ ಮಗಳು ಬಂದು, ಎಲ್ಲಿಗಮ್ಮಾ ಅಂದಳು. ಆಯಮ್ಮನ್ನ ನೋಡಿಕೊಂಡು ಬರೋಣ ಅಂದೆ. ಆ ಹೆಂಗಸಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ.

ಸಮಿತಿಯವರು ಅವತ್ತು ನಿಲಯದ ಆಫೀಸ್ ರೂಮಿನಲ್ಲೇ ಕೂತಿದ್ದರು. ನಾವು ಊಟದ ಹಾಲ್ ಎದುರಿನ ಬೆಂಚಿನಲ್ಲಿ ಕಾಯುತ್ತಿದ್ದೆವು. ಆಯಮ್ಮನೂ ಬಂದು ಕಂಬಕ್ಕೆ ಒರಗಿ ನಿಂತರು. ನಾನು ಆ ಕಡೆ ತಿರುಗಲಿಲ್ಲ. ಗಂಟೆ ಹೊಡೆಯಿತು, ಮಕ್ಕಳೆಲ್ಲ ಓಡಿದರು. ನಮ್ಮ ಮಗಳೂ ಹಳೆಯ ಗೆಳತಿಯ ಕೈ ಹಿಡಿದು ಊಟಕ್ಕೆ ಕೂತಳು. ಊಟ ಮುಗಿಯಿತು. ಒಬ್ಬೊಬ್ಬ ಮಗುವೂ ಎದ್ದು, ನಲ್ಲಿಯಲ್ಲಿ ತಟ್ಟೆ ತೊಳೆದು, ಉದ್ದನೆ ಕಿಟಕಿಯ ಮೇಲೆ ಬೋರಲು ಹಾಕಿ ಹೋಯಿತು. ಕೊನೆಯಲ್ಲಿ ನನ್ನ ಮಗಳು. ಅವಳೂ ತೊಳೆದು, ಜಾಗ ಹುಡುಕಿ, ಬೋರಲು ಹಾಕಿ, ಮಣ್ಣಾಗಬಾರದೆಂದು ಸ್ವಲ್ಪ ಒಳಗೆ ಸರಿಸಿದಳು. ನಮ್ಮ ಹಿತ್ತಿಲಲ್ಲಿ ಮಾಡುವ ಹಾಗೇ.

ನಾನು ಆಯಮ್ಮನ ಕಡೆ ತಿರುಗಿದೆ. ಅವರು ಕಿಟಕಿಯನ್ನೇ ನೋಡುತ್ತಿದ್ದರು. ವರ್ಷಗಟ್ಟಲೆ ದಿನಾ ನೋಡಿದ ಕಿಟಕಿ ಅದು. ಹಣೆ ಚಚ್ಚಿಕೊಂಡು, “ಅಯ್ಯೋ, ನಾನೇ ಕಲ್ಸಿದ್ದು ಕಣವ್ವ” ಅಂದವರು ಯಾರನ್ನೂ ಕೇಳದೆ ಸಮಿತಿಯ ರೂಮಿಗೆ ನುಗ್ಗಿದರು. ನಾವೂ ಹಿಂದೆಯೇ ಓಡಿದೆವು.

ತಟ್ಟೆಯ ದೂರು ಕೊಟ್ಟಿದ್ದು ತಾವೇ, ಅದು ತಮ್ಮ ತಪ್ಪು, ಇಲ್ಲಿನ ಎಲ್ಲ ಮಕ್ಕಳಿಗೂ ತಾವೇ ಹಾಗೆ ಕಲಿಸಿದ್ದು, ಮಗು ಅದನ್ನೇ ಅಲ್ಲೂ ಮಾಡಿದೆ ಅಂತ ನಿಂತುಕೊಂಡು ಹೇಳಿದರು. ಕೆಲಸ ಹೋಗುವ ಭಯ ಅವರಿಗೂ ಇದ್ದಿರಬೇಕು, ಆದರೂ ಒಂದು ಮಾತನ್ನೂ ನುಂಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಕೈ ಮುಗಿಯೋಣ ಅಂದುಕೊಳ್ಳುವಷ್ಟರಲ್ಲಿ ಬಾಗಿಲವರೆಗೆ ಹೋದವರು ವಾಪಸ್ ತಿರುಗಿದರು.

“ತಟ್ಟೆ ಮಾತು ಅಲ್ಲಿಗೆ ಬುಡಿ. ಆದ್ರೆ ನಂಗೆ ಕಾಪಿ ಕೊಡೋ ಲೋಟ ಬ್ಯಾರೆ ಅದೆ ಆ ಮನೇಲಿ. ನಾಳೆ ಈ ಕೂಸಿನ ಕುಲ ಇಂಥದ್ದು ಅಂತ ಯಾರಾರ ಅಂದ್ರೆ, ಆ ಲೋಟ ಯಾರಿಗೆ ಬತ್ತದೆ? ಅದ್ನ ಕೇಳಿ ಸಾಮಿ.”

ಸಮಿತಿಯ ಅಧ್ಯಕ್ಷರಾಗಿದ್ದ ಮೇಡಂ ನನ್ನನ್ನು ನೋಡಿದರು. ಯಜಮಾನರು ನೆಲ ನೋಡಿದರು. ಲೋಟ ಇದೆ, ಇವತ್ತಿಗೆ ಮುಗಿಯಿತು ಅಂದೆ. ಮಗುವನ್ನು ಕರೆದುಕೊಂಡು ಹೋಗಿ, ನಾವೂ ಬಂದು ನೋಡುತ್ತೇವೆ ಅಂದರು ಮೇಡಂ.

ಮನೆಗೆ ಬಂದು ಅತ್ತೆಯವರಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಲೋಟ ಇದ್ದರೆ ಮಗು ಹೋಗುತ್ತದೆ, ನೀವೇ ಆರಿಸಿಕೊಳ್ಳಿ ಅಂದೆ. ಅವರು ಆ ದಿನವಿಡೀ ನನ್ನ ಜೊತೆ ಮಾತು ಬಿಟ್ಟರು.

ಮುಂದಿನ ಭಾನುವಾರ ಆಯಮ್ಮ ಬಂದರು. ಮೂಸಿದ್ದಾಯಿತು, ಒತ್ತಿದ್ದಾಯಿತು. ಗೂಡಿನ ಕಡೆ ನೋಡಿದರು, ಖಾಲಿ. ಅತ್ತೆಯವರು ಒಳಗಿನಿಂದ ತಟ್ಟೆಯಲ್ಲಿ ಎಲ್ಲರ ಕಾಫಿ ತಂದರು. ಲೋಟಗಳ ನಡುವೆ ಅಂಚು ನಗ್ಗಿದ್ದೂ ಇತ್ತು. ಆಯಮ್ಮನ ಕಣ್ಣು ಅದರ ಮೇಲೇ ನೆಟ್ಟಿತು. ಅತ್ತೆಯವರು ಆಯಮ್ಮನಿಗೆ ಬೇರೊಂದು ಲೋಟ ಕೊಟ್ಟರು, ನನಗೊಂದು, ಮಗಳಿಗೆ ಹಾಲು. ನಗ್ಗಿದ ಲೋಟ ತಾವು ತೆಗೆದುಕೊಂಡು, ಆಯಮ್ಮನ ಎದುರಿಗೇ ಕೂತು, ಲೋಟಕ್ಕೆ ತುಟಿ ಹಚ್ಚಿ ಕುಡಿದರು. ಅವರು ಪೂರ್ತಿ ಕುಡಿಯುವವರೆಗೆ ಆಯಮ್ಮ ನೋಡುತ್ತಲೇ ಇದ್ದರು. ಆಮೇಲೆ ತಮ್ಮದನ್ನು ಎತ್ತಿಕೊಂಡು ಒಂದು ಗುಟುಕು ಹೀರಿ, ಸಕ್ಕರೆ ಜಾಸ್ತಿಯಾಯಿತು ಅಂದರು. ಅತ್ತೆಯವರಿಗೆ ನಗು ಬಂತು.

ಆ ದಿನ ಊಟವನ್ನೂ ಮಾಡಿದರು. ಉಂಡಾದ ಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಎಷ್ಟೋ ವರ್ಷದ ಹಿಂದೆ ಒಬ್ಬ ಹುಡುಗಿಯನ್ನು ಒಳ್ಳೆಯ ಜನ ಅಂತ ನಂಬಿ ಕಳಿಸಿದರಂತೆ. ಹಬ್ಬಕ್ಕೆ ಒಂದು ಸಲ ಬಂದಾಗ ಹೊಸ ಲಂಗ, ಕೈತುಂಬ ಬಳೆ, ಎಲ್ಲರೂ ಹೊಗಳಿದರಂತೆ. ಕೊನೆಗೆ ಅದು ನಿಲಯಕ್ಕೇ ವಾಪಸ್ ಬಂದ ಮೇಲೆ ಒಂದು ದಿನ ತಲೆ ಬಾಚುವಾಗ ಕೈ ಹಿಡಿದು ನೋಡಿದರೆ, ಅಂಗೈ ತುಂಬ ಕೆಲಸದ ಜಡ್ಡು. “ಬಳೆ ನೋಡ್ಬುಟ್ಟೆ ಕಣವ್ವ, ಅಂಗೈ ನೋಡ್ನಿಲ್ಲ” ಅಂದರು.

ಕೆಲವು ತಿಂಗಳ ಮೇಲೆ ದತ್ತಿನ ಆದೇಶ ಬಂತು. ಓಣಿಗೆಲ್ಲ ಸಿಹಿ ಹಂಚಿದೆ. ಆ ಭಾನುವಾರವೂ ಆಯಮ್ಮ ಬಂದು ಯಥಾಪ್ರಕಾರ ಮಗಳ ಕೈ ಬಿಡಿಸಿದರು. ನಾನು ನಗುತ್ತಾ, ಇನ್ನೇನು ಬಿಡಿ ಆಯಮ್ಮ, ಸರ್ಕಾರವೇ ಒಪ್ಪಿಕೊಂಡಿತಲ್ಲ, ಇನ್ನೂ ಯಾಕೆ ನೋಡುತ್ತೀರಿ ಅಂದೆ.

ಅವರು ನಗಲಿಲ್ಲ. “ಈಗ್ಲೇ ಕಣವ್ವ ನೋಡ್ಬೇಕಾದ್ದು. ಇನ್ಮ್ಯಾಲೆ ಆಪೀಸ್ನೋರು ಯಾರೂ ಬರಕಿಲ್ವಲ್ಲ” ಅಂದರು.

ಆಮೇಲೂ ವರ್ಷಗಟ್ಟಲೆ ಬಂದರು. ಮಂಡಿನೋವು ಹೆಚ್ಚಾದ ಮೇಲೆ ಹಬ್ಬಕ್ಕೊಮ್ಮೆ. ಕೆಲಸ ಬಿಟ್ಟು ಬದನಗುಪ್ಪೆಯಲ್ಲಿ ತಂಗಿಯ ಮನೆ ಸೇರಿದ ಮೇಲೆ ನಾವೇ ಹೋಗುತ್ತಿದ್ದೆವು. ಅಲ್ಲೂ ಮಗಳು ಹೊಸ್ತಿಲಲ್ಲೇ ಕೈ ಚಾಚುವಳು. ಹೋದ ವರ್ಷ ಅವರ ತಂಗಿಯ ಫೋನ್ ಬಂತು. ನಾವು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಮಲಗಿಸಿದ್ದರು. ಹಾರ ಹಾಕಿದೆ, ಅತ್ತೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ಮಗಳು ಈಗ ನನ್ನಷ್ಟು ಎತ್ತರ. ಅವಳು ಅಳಲಿಲ್ಲ. ಆಯಮ್ಮನ ಪಕ್ಕ ಕೂತು, ಬಗ್ಗಿ ಅವರ ನೆತ್ತಿ ಮೂಸಿದಳು. ಆಮೇಲೆ ಬಲಗೈ ಎತ್ತಿಕೊಂಡು ಅಂಗೈ ಬಿಡಿಸಿ, ಬೆರಳಿನ ಬುಡಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದಳು. ಕೊನೆಯದನ್ನು ಒತ್ತಿ ತಲೆಯೆತ್ತಿ ನನ್ನ ಮುಖ ನೋಡಿದಳು.

“ಅಮ್ಮಾ, ಎಷ್ಟೊಂದು ಜಡ್ಡು ನೋಡು” ಅಂದಳು.

ಇಷ್ಟು ವರ್ಷ ಆ ಕೈ ನಮ್ಮ ಮನೆಗೆ ಬಂದು ಹೋಗಿದೆ. ನಾನು ಒಂದು ಸಲವೂ ಹಿಡಿದು ನೋಡಿರಲಿಲ್ಲ.